ಬಂದರು ಮತ್ತು ಭರವಸೆ: ಪರದೇಶದ ಹಡಗುಗಳಿಗೆ ನಮ್ಮ ಕರಾವಳಿ ಕೊಟ್ಟ ಮಾತು

ಕುಮಾರಪಟ್ಟಣದಲ್ಲಿ ಕುಳಿತು ಸಮುದ್ರದ ಮಾತನಾಡಿದರೆ ಹಲವರಿಗೆ ನಗೆ ಬಂದೀತು. ನಮ್ಮದು ತುಂಗಭದ್ರೆಯ ದಂಡೆಯ ಊರು. ಹೊಳೆಯ ಆಚೆಗೆ ಹರಿಹರ, ಈಚೆಗೆ ರಾಣೇಬೆನ್ನೂರು ಸೀಮೆಯ ಹೊಲಗಳು. ನಾವು ಕಂಡ ನೌಕೆಯೆಂದರೆ ಬಿದಿರು ಹೆಣೆದು ಚರ್ಮ ಹೊದಿಸಿದ ಹರಿಗೋಲು. ನಾವು ಹೆಸರು ಹೇಳಬಲ್ಲ ನಾವಿಕನೆಂದರೆ ಇದೇ ತಾಲ್ಲೂಕಿನ ಚೌಡದಾನಪುರದೊಡನೆ ಹೆಸರು ಬೆಸೆದುಕೊಂಡಿರುವ, ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯ. ಹೀಗಿದ್ದರೂ ಈ ಸಲ ಕಡಲಿನ ವಿಷಯವನ್ನು ಎತ್ತಿಕೊಂಡಿದ್ದೇನೆ. ಅದಕ್ಕೆ ಕಾರಣವಿದೆ.

ವಿದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಊರಿನ ಹಾಯಿದೋಣಿಗಳ ತಂಗುದಾಣದವರು ಪರದೇಶದಿಂದ ಬರುವ ದೋಣಿಗಳಿಗಾಗಿ ಅಚ್ಚು ಹಾಕಿಸಿದ ಮಾಹಿತಿ ಪತ್ರವೊಂದನ್ನು ಕಳುಹಿಸಿದ್ದ. ಯಾವ ಹೊತ್ತಿನ ಭರತದಲ್ಲಿ ಒಳಗೆ ಬರಬೇಕು, ಯಾವ ಬಾವುಟ ಏರಿಸಬೇಕು, ಯಾರನ್ನು ಕರೆದು ತಿಳಿಸಬೇಕು, ಯಾವ ಕಟ್ಟೆಗೆ ಹಗ್ಗ ಬಿಗಿಯಬೇಕು, ಕಾಗದಪತ್ರ ನೋಡಲು ಯಾರು ಬರುತ್ತಾರೆ, ದಿನವೊಂದಕ್ಕೆ ಬಾಡಿಗೆ ಎಷ್ಟು ಎಂಬ ವಿವರಗಳೆಲ್ಲ ಅದರಲ್ಲಿದ್ದವು. ಇದರಲ್ಲಿ ಓದಲೇನಿದೆ ಎಂದು ಹಲವರಿಗೆ ಅನ್ನಿಸಬಹುದು. ಇತಿಹಾಸ ಪಾಠ ಮಾಡಿದವನಿಗೆ ಮಾತ್ರ ಅದು ಬಹಳ ಹಳೆಯ ಪಠ್ಯದ ಹೊಸ ಆವೃತ್ತಿಯಂತೆ ತೋರಿತು. ಏಕೆಂದರೆ ಇದೇ ಪ್ರಶ್ನೆಗಳಿಗೆ, ಇದೇ ಕ್ರಮದಲ್ಲಿ, ನಮ್ಮ ಪಶ್ಚಿಮ ಕರಾವಳಿಯನ್ನು ಕುರಿತು ಎರಡು ಸಾವಿರ ವರ್ಷಗಳ ಹಿಂದೆಯೇ ಒಬ್ಬಾತ ಉತ್ತರ ಬರೆದಿಟ್ಟಿದ್ದಾನೆ.

ಪರದೇಶದ ಬಂದರಿಗೆ ಬರುವ ಹಡಗಿಗೆ ಬೇಕಾದದ್ದು ಎಂದಿಗೂ ನಾಲ್ಕೇ ಸಂಗತಿಗಳು: ದಾರಿ, ದಾರಿ ತೋರುವವರು, ಸುಂಕದ ನಿಶ್ಚಯ ಮತ್ತು ಅಭಯ. ಮೊದಲನೆಯದನ್ನು ಪ್ರಕೃತಿ ಕೊಡುತ್ತದೆ. ಉಳಿದ ಮೂರನ್ನು ಮನುಷ್ಯರು ಕೊಡಬೇಕು. ಈ ಮೂರನ್ನು ಸರಿಯಾಗಿ ಕೊಟ್ಟ ಬಂದರುಗಳು ಬೆಳೆದವೆಂದು ಹಿಂದಿನ ಪ್ರವಾಸಿಗಳೇ ಬರೆದಿದ್ದಾರೆ.

ಹೆಸರಿಲ್ಲದ ವರ್ತಕನ ಕೈಪಿಡಿ

ಕ್ರಿಸ್ತಶಕ ಒಂದನೆಯ ಶತಮಾನದ ನಡುವಿನಲ್ಲಿ ಈಜಿಪ್ಟಿನಲ್ಲಿದ್ದ ಗ್ರೀಕ್ ಭಾಷೆಯ ವರ್ತಕನೊಬ್ಬ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ಕೃತಿಯನ್ನು ರಚಿಸಿದ. ಆತನ ಹೆಸರು ಉಳಿದಿಲ್ಲ. ಅದರಲ್ಲಿ ಕಾವ್ಯವಿಲ್ಲ, ಪುರಾಣವಿಲ್ಲ. ಈಜಿಪ್ಟಿನಿಂದ ಜುಲೈ ತಿಂಗಳ ಹೊತ್ತಿಗೆ ಹೊರಡಬೇಕು, ಇಂತಹ ಬಂದರಿನಲ್ಲಿ ಇಂತಹ ಸರಕಿಗೆ ಬೇಡಿಕೆಯಿದೆ, ಇಲ್ಲಿ ಬಂಡೆಗಳಿವೆ, ಅಲ್ಲಿ ಕಳ್ಳರಿದ್ದಾರೆ ಎಂದು ಹೇಳುತ್ತ ಹೋಗುವ ಶುದ್ಧ ವ್ಯವಹಾರದ ಪುಸ್ತಕ ಅದು.

ಗುಜರಾತಿನ ಭರೂಚ್ ಬಂದರನ್ನು ಆತ ಬರಿಗಾಜಾ ಎಂದು ಕರೆದು ಬಹಳ ವಿವರವಾಗಿ ವರ್ಣಿಸಿದ್ದಾನೆ. ಆ ಕೊಲ್ಲಿಯಲ್ಲಿ ಭರತ ಇಳಿತಗಳ ಸೆಳೆತ ಭಯಂಕರ. ನೀರು ಇಳಿದಾಗ ಹಡಗು ಕೆಸರಿನಲ್ಲಿ ಕೂರುತ್ತದೆ, ಏರುವಾಗ ಘೋಷಿಸುತ್ತ ಬಂದು ಮಗುಚುತ್ತದೆ. ಹೊಸಬನಿಗೆ ಅದು ಸಾಧ್ಯವಾದ ಮಾತಲ್ಲ. ಆದ್ದರಿಂದ ಅರಸನ ಸೇವೆಯಲ್ಲಿದ್ದ ಸ್ಥಳೀಯ ಮೀನುಗಾರರು ಉದ್ದನೆಯ ದೋಣಿಗಳಲ್ಲಿ ಸೌರಾಷ್ಟ್ರದ ತೀರದವರೆಗೆ ಎದುರು ಬಂದು, ಹಡಗುಗಳನ್ನು ಹಗ್ಗ ಕಟ್ಟಿ ಎಳೆದು, ಗೊತ್ತಾದ ನೆಲೆಗಳಲ್ಲಿ ನಿಲ್ಲಿಸುತ್ತ, ಭರತ ನೋಡಿಕೊಂಡು ಒಳಗೆ ತರುತ್ತಿದ್ದರು. ಇಂದಿನ ದೊಡ್ಡ ಬಂದರುಗಳಲ್ಲಿ ‘ಪೈಲಟ್’ ಎಂಬ ಅಧಿಕಾರಿ ಹೊರಗಡಲಿಗೆ ಹೋಗಿ ಹಡಗು ಹತ್ತುತ್ತಾನಲ್ಲ, ಆತನ ಪೂರ್ವಿಕರು ಇವರೇ. ಆತಿಥ್ಯವೆಂದರೆ ಬಾಗಿಲಲ್ಲಿ ನಿಲ್ಲುವುದಷ್ಟೇ ಅಲ್ಲ, ಕೆಲವೊಮ್ಮೆ ಊರಾಚೆಗೆ ಹೋಗಿ ಕರೆತರುವುದೂ ಆಗುತ್ತದೆ.

ಇದೇ ಪುಸ್ತಕ ಇನ್ನೊಂದು ಮುಖವನ್ನೂ ತೋರಿಸುತ್ತದೆ. ಮುಂಬಯಿಯ ಬಳಿಯ ಕಲ್ಯಾಣ ಹಿಂದೆ ನಿಯಮಬದ್ಧ ಬಂದರಾಗಿತ್ತು, ಆದರೆ ಅರಸು ಬದಲಾದ ಮೇಲೆ ಅಲ್ಲಿಗೆ ಆಕಸ್ಮಿಕವಾಗಿ ಬಂದ ಗ್ರೀಕ್ ಹಡಗುಗಳನ್ನೂ ಕಾವಲಿನಲ್ಲಿ ಭರೂಚಿಗೆ ಒಯ್ಯುತ್ತಾರೆ ಎಂದು ಎಚ್ಚರಿಸುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಬಂದರೆ ಕಡಲ್ಗಳ್ಳರ ಪ್ರದೇಶ, ಬಳಿಕ ‘ಬಿಳಿಯ ದ್ವೀಪ’, ಅನಂತರ ನೌರಾ ಎಂಬ ಬಂದರು. ಬಿಳಿಯ ದ್ವೀಪವು ಮುರುಡೇಶ್ವರದೆದುರಿನ ನೇತ್ರಾಣಿಯೆಂದು ಹಲವು ವಿದ್ವಾಂಸರ ಅಭಿಪ್ರಾಯ. ನೌರಾ ಎಂಬುದನ್ನು ಕೆಲವರು ಹೊನ್ನಾವರವೆಂದೂ ಕೆಲವರು ಮಂಗಳೂರೆಂದೂ ಇನ್ನು ಕೆಲವರು ಕಣ್ಣೂರೆಂದೂ ಗುರುತಿಸಿದ್ದಾರೆ. ಕ್ರಿಸ್ತಶಕ 77ರಲ್ಲಿ ತನ್ನ ‘ನಿಸರ್ಗ ಚರಿತ್ರೆ’ಯನ್ನು ಅರ್ಪಿಸಿದ ರೋಮಿನ ಪ್ಲಿನಿಯು ಮಲಬಾರಿನ ಮುಜಿರಿಸ್ ಬಂದರು ಅಷ್ಟೇನೂ ಹಿತಕರವಲ್ಲವೆಂದು ಬರೆದು ಎರಡು ಕಾರಣ ಕೊಡುತ್ತಾನೆ. ನಿತ್ರಿಯಾಸ್ ಎಂಬಲ್ಲಿನ ಕಡಲ್ಗಳ್ಳರು ನೆರೆಯಲ್ಲಿದ್ದಾರೆ ಎಂಬುದು ಒಂದು, ಲಂಗರು ಹಾಕುವ ಜಾಗ ದಡದಿಂದ ದೂರವಿರುವುದರಿಂದ ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕು ಎಂಬುದು ಇನ್ನೊಂದು. ಇಂದಿನ ಹಾಯಿದೋಣಿಯವರೂ ಒಂದು ಬಂದರಿನ ಬಗ್ಗೆ ಮೊದಲು ವಿಚಾರಿಸುವುದು ಇದನ್ನೇ: ಸುರಕ್ಷಿತವೇ, ದಡ ಹತ್ತಿರವೇ?

ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬಗಳಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಪಪೈರಸ್ ಹಾಳೆಯ ಗ್ರೀಕ್ ಪ್ರಹಸನವನ್ನು ಇಲ್ಲಿ ನೆನೆಯಬೇಕು. ಭಾರತದ ಕರಾವಳಿಯಲ್ಲಿ ಸೆರೆಯಾದ ಖಾರಿಟಿಯೊನ್ ಎಂಬ ಗ್ರೀಕ್ ಹೆಣ್ಣುಮಗಳನ್ನು ಅವಳ ಕಡೆಯವರು ಹಡಗಿನಲ್ಲಿ ಬಂದು, ಅಲ್ಲಿಯ ಅರಸನಿಗೆ ಮದ್ಯ ಕುಡಿಸಿ, ಬಿಡಿಸಿಕೊಂಡು ಹೋಗುವ ಕಥೆ ಅದು. ಅದರಲ್ಲಿ ಸ್ಥಳೀಯರು ಆಡುವ ಅರ್ಥವಾಗದ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಶ್ ಎಂಬ ಜರ್ಮನ್ ಶಾಸನತಜ್ಞರು ಸೂಚಿಸಿದರು. ಮುಂದೆ ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಇದನ್ನು ಚರ್ಚಿಸಿದರು. ಎಲ್ಲರೂ ಒಪ್ಪಿದ ಮಾತೇನಲ್ಲ. ಆದರೂ ಭಾಷೆ ತಿಳಿಯದ ತೀರದಲ್ಲಿ ಸಿಕ್ಕಿಕೊಳ್ಳುವ ಭಯವು ಈಜಿಪ್ಟಿನ ರಂಗದ ಮೇಲೆ ನಗೆಯ ವಸ್ತುವಾಗುವಷ್ಟು ಪರಿಚಿತವಾಗಿತ್ತು ಎಂಬುದಕ್ಕೆ ಆ ಹಾಳೆ ಸಾಕ್ಷಿ.

ಬಾರಕೂರಿನಲ್ಲಿ ‘ಬಂದರಿನ ಹಕ್ಕು’

ಮೊರಾಕ್ಕೊ ದೇಶದ ಇಬ್ನ್ ಬತೂತ 1342ರಲ್ಲಿ ದೆಹಲಿಯ ಸುಲ್ತಾನನ ರಾಯಭಾರಿಯಾಗಿ ಚೀನಕ್ಕೆಂದು ಹೊರಟು ನಮ್ಮ ಕರಾವಳಿಯನ್ನು ಹಾದುಹೋದ. ಹೊನ್ನಾವರವು ದೊಡ್ಡ ಹಡಗುಗಳೂ ಒಳಬರಬಲ್ಲ ವಿಶಾಲ ಹಿನ್ನೀರಿನ ಮೇಲಿದೆ ಎಂದು ಆತ ಬರೆದಿದ್ದಾನೆ. ನಾನು ಪಾಠ ಮಾಡುವಾಗ ತಪ್ಪದೇ ಹೇಳುತ್ತಿದ್ದ ಸಂಗತಿಯೊಂದು ಆ ಬರಹದಲ್ಲಿದೆ. ಆ ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ 13, ಗಂಡುಮಕ್ಕಳಿಗಾಗಿ 23 ಶಾಲೆಗಳನ್ನು ಕಂಡೆನೆಂದು ಆತ ಹೇಳುತ್ತಾನೆ. ಬಂದರು ಬೆಳೆದ ಊರಿಗೆ ಸರಕಿನ ಹಿಂದೆಯೇ ವಿದ್ಯೆಯೂ ಬಂದಿತ್ತು.

ಹೊನ್ನಾವರದಿಂದ ಮುಂದೆ ಬಸರೂರು, ಅನಂತರ ಬಾರಕೂರು. ಬಾರಕೂರಿನಲ್ಲಿ ಆತ ಕಂಡ ಪದ್ಧತಿ ಕಟುವಾದದ್ದು. ಆ ಊರಿನ ಮುಂದೆ ಹಾದುಹೋಗುವ ಪ್ರತಿ ಹಡಗೂ ಅಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಸಲ್ಲಿಸಬೇಕು. ಇದಕ್ಕೆ ‘ಬಂದರಿನ ಹಕ್ಕು’ ಎಂದು ಹೆಸರು. ಸಲ್ಲಿಸದೆ ಹೋದರೆ ಅರಸನ ಹಡಗುಗಳು ಬೆನ್ನಟ್ಟಿ ಹಿಡಿದು ತಂದು, ಇಮ್ಮಡಿ ಸುಂಕ ವಸೂಲು ಮಾಡಿ, ಮನಸ್ಸು ಬಂದಷ್ಟು ದಿನ ತಡೆದಿಡುತ್ತಿದ್ದವು. ಅಲ್ಲಿಯ ಅರಸ ಇಬ್ನ್ ಬತೂತನ ತಂಡವನ್ನು ಆದರಿಸಿದ. ಆದರೆ ಆ ಆದರಕ್ಕೂ ಮುನ್ನ ಒಂದು ಜಾಮೀನು ಬೇಕಾಯಿತು. ಅರಸನು ತನ್ನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳುಹಿಸಿದ ಮೇಲೆಯೇ ಇವರು ದಡಕ್ಕೆ ಇಳಿದರು. ಮಂಗಳೂರಿನಲ್ಲಿಯೂ ಇವರು ಅದನ್ನೇ ಕೇಳಿದರು. ಅಲ್ಲಿಯ ಅರಸನೂ ಕೊನೆಗೆ ತನ್ನ ಮಗನನ್ನು ಕಳುಹಿಸಿಕೊಟ್ಟ.

ಈ ಪ್ರಸಂಗವನ್ನು ಓದುವಾಗಲೆಲ್ಲ ನನಗೆ ಆ ಹುಡುಗರ ನೆನಪಾಗುತ್ತದೆ. ತಂದೆಯ ಊರು ಕಣ್ಣಿಗೆ ಕಾಣುತ್ತಿರುವಂತೆ ಅಪರಿಚಿತರ ಹಡಗಿನಲ್ಲಿ ಕುಳಿತ ರಾಜಕುಮಾರರು! ಬಾಯಿಮಾತಿಗೆ ಬೆಲೆಯಿಲ್ಲದ ಕಡೆ ಮಕ್ಕಳನ್ನು ಅಡವಿಡಬೇಕಾಗುತ್ತದೆ.

ಕಲ್ಲಿಕೋಟೆ ಬೆಳೆದ ಬಗೆ

ಇಬ್ನ್ ಬತೂತನಿಗಿಂತ ಅರ್ಧ ಶತಮಾನ ಹಿಂದೆ ಈ ದಾರಿಯಾಗಿ ಹೋದ ಮಾರ್ಕೊ ಪೋಲೊ ಮಲಬಾರಿನ ಉತ್ತರದ ಏಳಿಮಲೆಯ ರಾಜ್ಯದ ಬಗ್ಗೆ ಹೀಗೆ ಬರೆದಿದ್ದಾನೆ. ಬೇರೆ ಊರಿಗೆ ಹೊರಟ ಹಡಗು ಗಾಳಿಗೆ ಸಿಕ್ಕಿ ಇಲ್ಲಿಗೆ ಬಂದರೆ ಜನ ಅದನ್ನು ದೋಚುತ್ತಾರೆ. ನೀನು ಹೊರಟದ್ದು ಬೇರೆಡೆಗೆ, ದೇವರು ಕಳುಹಿಸಿದ್ದು ನಮ್ಮಲ್ಲಿಗೆ ಎಂಬುದು ಅವರ ವಾದ. ಬಿರುಗಾಳಿಗೆ ಸಿಕ್ಕಿದವನ ಸಂಕಟವನ್ನೇ ತಮ್ಮ ಭಾಗ್ಯವೆಂದು ತಿಳಿಯುವ ಈ ನ್ಯಾಯ ಮಲಬಾರಿನಲ್ಲಿ ಮಾತ್ರ ಇದ್ದದ್ದಲ್ಲ. ಜಗತ್ತಿನ ಹಲವು ತೀರಗಳಲ್ಲಿ ಒಡೆದ ಹಡಗಿನ ಸರಕು ದಡದ ಒಡೆಯನದೇ ಆಗಿತ್ತು.

ಆದರೆ ಇದಕ್ಕೆ ಹೊರತಾಗಿದ್ದ ಬಂದರು ಕಲ್ಲಿಕೋಟೆ. ಮಲಬಾರಿನ ಬೇರೆಡೆ ಒಡೆದ ಹಡಗಿನ ಸರಕು ಖಜಾನೆಗೆ ಸೇರುತ್ತದೆ, ಕಲ್ಲಿಕೋಟೆಯಲ್ಲಿ ಮಾತ್ರ ಅದು ಮಾಲೀಕನಿಗೇ ಉಳಿಯುತ್ತದೆ, ಆ ಊರು ಏಳಿಗೆ ಹೊಂದಿದ್ದೂ ಇದರಿಂದಲೇ ಎಂದು ಇಬ್ನ್ ಬತೂತ ಸ್ಪಷ್ಟವಾಗಿ ಹೇಳುತ್ತಾನೆ. ನೂರು ವರ್ಷಗಳ ಬಳಿಕ 1442ರಲ್ಲಿ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿಗೆ ಬಂದಾಗಲೂ ಅದೇ ಮಾತು. ವರ್ತಕರು ಸರಕನ್ನು ಇಳಿಸಿ ಬೀದಿಯಲ್ಲಿಯೇ ಬಿಟ್ಟು ನಿಶ್ಚಿಂತರಾಗಿರುತ್ತಾರೆ, ಸುಂಕದ ಅಧಿಕಾರಿಗಳೇ ಕಾವಲಿರುತ್ತಾರೆ, ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ, ಮಾರಾಟವಾಗದಿದ್ದರೆ ಏನೂ ಇಲ್ಲ ಎಂದು ಆತ ಬರೆದ. ಕಲ್ಲಿಕೋಟೆಯ ಕಡಲತೀರ ಬಹುಮಟ್ಟಿಗೆ ಬಯಲು. ನಮ್ಮ ಶರಾವತಿಯ ಅಳಿವೆಯಂತಹ, ಕಾರವಾರದ ಕೊಲ್ಲಿಯಂತಹ ಆಶ್ರಯ ಅಲ್ಲಿಲ್ಲ. ಆದರೂ ಚೀನ, ಅರೇಬಿಯಾಗಳ ಹಡಗುಗಳು ಅಲ್ಲಿ ನೆರೆದವು. ಪ್ರಕೃತಿ ಕೊಡದಿದ್ದುದನ್ನು ನಂಬಿಕೆ ಕೊಟ್ಟಿತು.

ಅಬ್ದುರ್ ರಜಾಕ್ ಮರುವರ್ಷ ಅಲ್ಲಿಂದ ಮಂಗಳೂರಿಗೆ ಬಂದು, ಘಟ್ಟ ಹತ್ತಿ, ನಮ್ಮ ತುಂಗಭದ್ರೆಯ ದಂಡೆಯ ವಿಜಯನಗರವನ್ನು ತಲುಪಿದ. ವಿಜಯನಗರದ ಅರಸನಿಗೆ 300 ಬಂದರುಗಳಿವೆ ಎಂದು ಆತ ಬರೆದಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದೀತು, ಆದರೆ ಒಳನಾಡಿನ ಆ ರಾಜಧಾನಿಯ ದೃಷ್ಟಿ ಕಡಲಿನ ಮೇಲೆ ನೆಟ್ಟಿತ್ತೆಂಬುದರಲ್ಲಿ ಸಂದೇಹವಿಲ್ಲ.

ಕಲ್ಲಿನ ಮೇಲೆ ಬರೆದ ಅಭಯ

ಇಂದಿನ ತಂಗುದಾಣದವರು ಕಾಗದದ ಮೇಲೆ ಅಚ್ಚು ಹಾಕಿಸುವುದನ್ನು ನಮ್ಮ ಹಿಂದಿನವರು ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ಆಂಧ್ರ ತೀರದ ಮೋಟುಪಲ್ಲಿಯಲ್ಲಿ ಕಾಕತೀಯ ಗಣಪತಿದೇವನು 1244ರ ಸುಮಾರಿಗೆ ಹಾಕಿಸಿದ ಅಭಯ ಶಾಸನ ಇದಕ್ಕೆ ಶ್ರೇಷ್ಠ ನಿದರ್ಶನ. ಅದರ ಸಾರಾಂಶವಿಷ್ಟು: ಬಿರುಗಾಳಿಗೆ ಸಿಕ್ಕಿ ಒಡೆದು ದಡಕ್ಕೆ ಬಿದ್ದ ಹಡಗುಗಳ ಸರ್ವಸ್ವವನ್ನೂ ಹಿಂದಿನ ಅರಸರು ಕಿತ್ತುಕೊಳ್ಳುತ್ತಿದ್ದರು; ಪ್ರಾಣಕ್ಕಿಂತಲೂ ಧನವೇ ಹೆಚ್ಚೆಂದು ಕಡಲ ಪಯಣದ ಅಪಾಯಕ್ಕೆ ಒಡ್ಡಿಕೊಂಡವರಿಗೆ ನಾವು ಕರುಣೆಯಿಂದ, ನಿಯಮಿತ ಸುಂಕವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಬಿಟ್ಟುಕೊಡುತ್ತೇವೆ. ಸುಂಕ ಮೂವತ್ತರಲ್ಲಿ ಒಂದು. ಯಾವ ಸರಕಿಗೆ ಎಷ್ಟು ಎಂಬ ವಿವರವೂ ಅಲ್ಲಿಯೇ ಇದೆ.

ನಮ್ಮವರು ಪರದೇಶಕ್ಕೆ ಹೋದಾಗಲೂ ಇದೇ ಕ್ರಮ. ಐಹೊಳೆಯಲ್ಲಿ ಹುಟ್ಟಿ ದಕ್ಷಿಣ ಭಾರತವನ್ನೆಲ್ಲ ವ್ಯಾಪಿಸಿದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ಹೆಸರು ಬಾಗಲಕೋಟೆಯಿಂದ ಸಾವಿರಾರು ಮೈಲಿ ದೂರದಲ್ಲಿ, ಇಂಡೊನೇಷ್ಯದ ಸುಮಾತ್ರಾ ದ್ವೀಪದ ಬಾರೂಸ್ ಬಳಿ, 1088ರ ತಮಿಳು ಶಾಸನವೊಂದರಲ್ಲಿ ದೊರೆತಿದೆ. ಅಲ್ಲಿಗೆ ಬಂದ ಹಡಗಿನ ನಾಯಕ ಮತ್ತು ನಾವಿಕರು ಕಸ್ತೂರಿಯ ಬೆಲೆಯನ್ನು ಅನುಸರಿಸಿ ಇಂತಿಷ್ಟು ಸಲ್ಲಿಸಬೇಕೆಂಬ ನಿಯಮ ಅದರಲ್ಲಿದೆ. ಕರ್ಪೂರದ ನಾಡಿಗೆ ಹೋದ ನಮ್ಮವರು ತಮ್ಮ ಹಿಂದೆ ಬರುವವರಿಗಾಗಿ ಬಂದರಿನ ನಿಯಮವನ್ನು ಕಲ್ಲಿನಲ್ಲಿ ಬಿಟ್ಟು ಬಂದರು.

ಕುದುರೆಗಳಿಗಾಗಿ ಕಡಲನ್ನೇ ನಂಬಿದ್ದ ವಿಜಯನಗರದವರು ಇನ್ನೂ ಮುಂದೆ ಹೋದರು. ಸಾಳುವ ನರಸಿಂಹನು ಅರಬ್ಬಿ ಕುದುರೆಗಳನ್ನು ಕೊಳ್ಳುವಾಗ ದಾರಿಯಲ್ಲಿ ಸತ್ತವುಗಳ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಇದನ್ನು ಕೇಳಿ ತರಗತಿಯಲ್ಲಿ ನಗದ ಹುಡುಗರಿರಲಿಲ್ಲ. ಆದರೆ ಯೋಚಿಸಿ ನೋಡಿ, ಕಡಲಿನ ನಷ್ಟದ ಭಾರವನ್ನು ತಾನೇ ಹೊರುವ ಅರಸನ ಬಂದರಿಗೆ ವರ್ತಕನು ಬಾರದೆ ಇನ್ನೆಲ್ಲಿಗೆ ಹೋದಾನು? 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನು ತನ್ನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದಲ್ಲಿ ರಾಜನೀತಿಯನ್ನು ಹೇಳುವಾಗ ಬಂದರುಗಳನ್ನು ಸುಧಾರಿಸಬೇಕೆಂದೂ, ಬಿರುಗಾಳಿಯಿಂದಲೋ ರೋಗದಿಂದಲೋ ಬಳಲಿ ದಡ ಸೇರಿದ ಪರದೇಶದ ನಾವಿಕರನ್ನು ಅವರವರ ದೇಶದ ರೀತಿಗೆ ತಕ್ಕಂತೆ ನೋಡಿಕೊಳ್ಳಬೇಕೆಂದೂ ಬರೆದ. ಪರಸ್ಥಳದವನ ಊಟ ಉಪಚಾರವೂ ರಾಜಕಾರ್ಯವೆಂದು ತಿಳಿದ ಅರಸ ಆತ.

ಅತಿಥಿಯೇ ಸುಂಕದವನಾದಾಗ

ಇಷ್ಟರಲ್ಲಿ ಕಡಲಿನ ನಿಯಮವೇ ತಲೆಕೆಳಗಾಗತೊಡಗಿತ್ತು. 1498ರಲ್ಲಿ ಕಲ್ಲಿಕೋಟೆಯಿಂದ ಹಿಂತಿರುಗುವಾಗ ವಾಸ್ಕೊ ಡ ಗಾಮನು ಕಾರವಾರದ ಬಳಿಯ ಅಂಜದೀವ್ ದ್ವೀಪದಲ್ಲಿ ನಿಂತು, ನೀರು ತುಂಬಿಸಿಕೊಂಡು, ಹಡಗಿನ ತಳ ಶುಚಿ ಮಾಡಿಕೊಂಡು ಹೋದ. ದಣಿದ ನಾವಿಕ ಎಲ್ಲಿಯಾದರೂ ಮಾಡುವ ಕೆಲಸವದು. ಆದರೆ ಅವನ ಹಿಂದೆ ಬಂದ ಪೋರ್ಚುಗೀಸರು 1505ರಲ್ಲಿ ಅದೇ ದ್ವೀಪದಲ್ಲಿ ಕೋಟೆ ಕಟ್ಟತೊಡಗಿದರು, ಅದೇ ವರ್ಷ ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿಯಿಟ್ಟರು. ಮುಂದೆ ‘ಕಾರ್ತಾಜ್’ ಎಂಬ ರಹದಾರಿ ಪತ್ರವಿಲ್ಲದ ಹಡಗನ್ನು ಹಿಡಿದು ಸರಕನ್ನು ವಶಪಡಿಸಿಕೊಳ್ಳುವುದು ಅವರ ಪದ್ಧತಿಯಾಯಿತು. ಬಾರಕೂರಿನ ಅರಸನು ತನ್ನ ಊರಿನ ಮುಂದೆ ಕೇಳಿದ ಹಕ್ಕನ್ನು ಇವರು ಇಡೀ ಸಮುದ್ರದ ಮೇಲೆ ಕೇಳಿದರು. ನಮ್ಮ ಬ್ಯಾಡಗಿಗೆ ಹೆಸರು ತಂದ ಮೆಣಸಿನಕಾಯಿ ಅಮೆರಿಕದಿಂದ ಈ ನಾಡಿಗೆ ಬಂದದ್ದೂ ಪೋರ್ಚುಗೀಸರ ಹಡಗುಗಳಲ್ಲಿಯೇ. ಇತಿಹಾಸ ಕೊಡುವಾಗ ಸಿಹಿ ಖಾರಗಳನ್ನು ಬೇರ್ಪಡಿಸಿ ಕೊಡುವುದಿಲ್ಲ.

ಕುಮಟೆಗೆ ಹೋದ ನಮ್ಮ ಹತ್ತಿ

ನಮ್ಮ ಸೀಮೆಗೂ ಬಂದರಿಗೂ ಇದ್ದ ನಂಟು ಮೆಣಸಿನಕಾಯಿಗೆ ನಿಲ್ಲುವುದಿಲ್ಲ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳು 1997ರವರೆಗೂ ಧಾರವಾಡ ಜಿಲ್ಲೆಯಲ್ಲಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಗೆ ಹೋಗಿ, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿ ಸೇರುತ್ತಿತ್ತು. ಬೆಳೆದ ಊರುಗಳ ಹೆಸರು ಯಾರಿಗೂ ತಿಳಿಯದೆ, ಹಡಗು ಹತ್ತಿದ ಊರಿನಿಂದ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರೇ ವಿದೇಶದ ಪೇಟೆಯಲ್ಲಿ ನಿಂತಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಬೆಲೆ ಗಗನಕ್ಕೇರಿತು. ಕುಮಟೆಗಿಂತ ಕಾರವಾರದ ಕೊಲ್ಲಿ ಹಡಗುಗಳಿಗೆ ಸುರಕ್ಷಿತವೆಂದು ಅದನ್ನು ಬೆಳೆಸುವ ಪ್ರಯತ್ನ ನಡೆಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿದರು. 1880ರ ದಶಕದ ಕೊನೆಗೆ ಗೋವೆಯ ಮುರಗಾಂವಿಗೆ ರೈಲು ಬಂದ ಮೇಲೆ ಸರಕು ಆ ದಾರಿ ಹಿಡಿಯಿತು, ಕುಮಟೆ ಕಾರವಾರಗಳು ಮಂಕಾದವು. ಬಂದರಿನ ಏಳುಬೀಳಿನ ಅಲೆ ಕಡಲು ಕಾಣದ ರೈತನ ಹೊಲದವರೆಗೂ ಬರುತ್ತದೆ.

ಇಂದಿನ ದಿನಗಳಲ್ಲಿ

ಇಂದು ಪರದೇಶದ ಹಾಯಿದೋಣಿ ಭಾರತಕ್ಕೆ ಬಂದರೆ ಸಿಕ್ಕಸಿಕ್ಕ ಅಳಿವೆಯಲ್ಲಿ ನುಗ್ಗುವಂತಿಲ್ಲ. ಸುಂಕ ಮತ್ತು ವಲಸೆ ತಪಾಸಣೆಯಿರುವ ಬಂದರಿಗೇ ಬರಬೇಕು. ನಮ್ಮ ರಾಜ್ಯದಲ್ಲಿ ಅಂತಹ ಮುಖ್ಯ ದ್ವಾರ 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ಪಣಂಬೂರಿನ ನವಮಂಗಳೂರು ಬಂದರು. ಹಾಯಿದೋಣಿಗಳಿಗೆಂದೇ ಕಟ್ಟಿದ ತಂಗುದಾಣ ಕೊಚ್ಚಿಯ ಬೋಳ್ಗಾಟ್ಟಿಯಲ್ಲಿ 2010ರಿಂದ ಇದೆ. ದೋಣಿ ಸಮೀಪಿಸುವಾಗ ರೇಡಿಯೊದ 16ನೆಯ ಚಾನೆಲ್‌ನಲ್ಲಿ ಬಂದರಿನವರನ್ನು ಕರೆಯಬೇಕು. ಹಳದಿ ಬಾವುಟ ಏರಿಸಬೇಕು. ನಮ್ಮಲ್ಲಿ ರೋಗವಿಲ್ಲ, ಒಳಬರಲು ಅನುಮತಿ ಕೊಡಿ ಎಂದು ಅದರ ಅರ್ಥ. ಅಧಿಕಾರಿಗಳು ಬಂದು ಹೋಗುವವರೆಗೆ ಯಾರೂ ದಡಕ್ಕೆ ಇಳಿಯಬಾರದು. ಹಿಂದಿನ ಬಂದರು ಬಿಟ್ಟ ಪತ್ರ, ಜನರ ಪಟ್ಟಿ, ದೋಣಿಯಲ್ಲಿರುವ ಸಾಮಾನುಗಳ ಪಟ್ಟಿ ಸಿದ್ಧವಿರಬೇಕು. ಉಪಗ್ರಹ ದೂರವಾಣಿಯನ್ನು ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಬಳಸುವಂತಿಲ್ಲವಾದ್ದರಿಂದ ಅದನ್ನು ಮೊದಲೇ ತಿಳಿಸಿಬಿಡುವುದು ಕ್ಷೇಮ. ಆತಿಥೇಯ ದೇಶದ ಬಾವುಟವನ್ನು ಬಲಮಗ್ಗುಲಿನಲ್ಲಿ ಹಾರಿಸುವುದು ಹಡಗಿನವರ ಶಿಷ್ಟಾಚಾರ. ಮಳೆಗಾಲದಲ್ಲಂತೂ ನಮ್ಮ ಮೀನುಗಾರರೇ ಕಡಲಿಗೆ ಬೆನ್ನು ಮಾಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆ ಕಾಲದಲ್ಲಿ ಹಾಯಿದೋಣಿಗೆ ಈ ತೀರ ತಕ್ಕದ್ದಲ್ಲ.

ಇವೆಲ್ಲ ಒಣ ನಿಯಮಗಳೆಂದು ಅನ್ನಿಸಬಹುದು. ಆದರೆ ಇವುಗಳ ಬೆಲೆ ತಿಳಿಯುವುದು ಸಂಕಟದಲ್ಲಿ. 2017ರ ಸೆಪ್ಟೆಂಬರಿನಲ್ಲಿ ಭಾರತೀಯ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಗೋವೆಯಿಂದ ಹೊರಟು ಭೂಮಿಯನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಹಿಂತಿರುಗಿದರು. ಆಸ್ಟ್ರೇಲಿಯ, ನ್ಯೂಜಿಲೆಂಡ್, ಫಾಕ್‌ಲ್ಯಾಂಡ್, ದಕ್ಷಿಣ ಆಫ್ರಿಕಗಳಲ್ಲಿ ತಂಗುವುದು ಮೊದಲೇ ನಿಶ್ಚಯವಾಗಿತ್ತು. ಆದರೆ ಮರಳುವ ದಾರಿಯಲ್ಲಿ ಚುಕ್ಕಾಣಿಯ ವ್ಯವಸ್ಥೆ ಕೆಟ್ಟು, ಯೋಜನೆಯಲ್ಲಿಲ್ಲದ ಮಾರಿಷಸ್‌ನ ಪೋರ್ಟ್ ಲೂಯಿ ಬಂದರಿಗೆ ಹೋಗಬೇಕಾಯಿತು. ಅಲ್ಲಿ ದುರಸ್ತಿ ಮಾಡಿಕೊಂಡು ಅವರು ಕ್ಷೇಮವಾಗಿ ಮನೆ ಸೇರಿದರು. ಬೇರೆಡೆಗೆ ಹೊರಟು ಸಂಕಟದಿಂದ ಬಂದ ದೋಣಿಯನ್ನು ದೋಚುವ ಕಾಲ ಹೋಗಿ, ಹಗ್ಗ ಹಿಡಿದು ಕಟ್ಟೆಗೆ ಎಳೆದುಕೊಳ್ಳುವ ಕಾಲ ಬಂದಿತ್ತು. ಆ ನಡುವಣ ದಾರಿ ಏಳೆಂಟು ಶತಮಾನಗಳಷ್ಟು ಉದ್ದ. ಅದನ್ನು ಸವೆಸುವಲ್ಲಿ ಮೋಟುಪಲ್ಲಿಯ ಕಲ್ಲಿಗೂ ಕಲ್ಲಿಕೋಟೆಯ ಸುಂಕದವರಿಗೂ ಪಾಲಿದೆ. ಆದರೂ ಅದು ಮುಗಿದ ದಾರಿಯಲ್ಲ. 2020ರಲ್ಲಿ ಕೋವಿಡ್ ಹರಡಿದಾಗ ಪ್ರಯಾಣಿಕರ ಹಡಗುಗಳು ಬಂದರಿನಿಂದ ಬಂದರಿಗೆ ಅಲೆದದ್ದನ್ನು ನಾವೆಲ್ಲ ನೋಡಿದ್ದೇವೆ. ಭಯ ಬಂದಾಗ ಮೊದಲು ಮುಚ್ಚುವುದು ಬಾಗಿಲು.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮಲ್ಲಿ ಅನೇಕರು ಇಂದು ಬೆಂಗಳೂರಿನಲ್ಲಿ, ದುಬೈಯಲ್ಲಿ, ಅಮೆರಿಕದಲ್ಲಿ ಇದ್ದೀರಿ. ಮೊದಲ ದಿನ ಆ ಊರುಗಳಿಗೆ ಇಳಿದಾಗ ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು, ಎಷ್ಟು ಕೊಡಬೇಕು ಎಂದು ತಿಳಿಯದೆ ನಿಂತ ಗಳಿಗೆ ನಿಮಗೆ ನೆನಪಿರಬಹುದು. ಆಗ ಒಬ್ಬರು ನಿಂತು ಸರಿಯಾದ ದಾರಿ ಹೇಳಿದ್ದರೆ ಅವರ ಮುಖ ಇಂದಿಗೂ ಮರೆತಿರಲಿಕ್ಕಿಲ್ಲ. ನಮ್ಮ ಕುಮಾರಪಟ್ಟಣಕ್ಕೂ ಕಾರ್ಖಾನೆಗಳ ಕೆಲಸಕ್ಕೆಂದು ದೂರದ ರಾಜ್ಯಗಳಿಂದ ಭಾಷೆ ಬಾರದ ಜನ ಬಂದು ಇಳಿಯುತ್ತಾರೆ. ಅವರಿಗೆ ಬಾಡಿಗೆಯನ್ನು ಇಮ್ಮಡಿ ಹೇಳುವುದೂ ನಮ್ಮ ಕೈಯಲ್ಲಿದೆ, ಇದ್ದದ್ದನ್ನು ಇದ್ದಂತೆ ಹೇಳಿ ಆಡಿದ ಮಾತಿಗೆ ನಿಲ್ಲುವುದೂ ನಮ್ಮ ಕೈಯಲ್ಲಿದೆ. ಬಂದರು ಕಡಲತೀರದಲ್ಲಿ ಮಾತ್ರ ಇರುವುದೆಂದು ತಿಳಿಯಬೇಡಿ. ಹೊಸಬನೊಬ್ಬ ಬಂದು ನಿಂತು ದಾರಿ ಕೇಳುವ ಪ್ರತಿಯೊಂದು ಜಾಗವೂ ಬಂದರೇ.